ಮೊರದಲ್ಲಿಟ್ಟ ಹೆಸರು

ಪಕ್ಕದ ಮನೆಯ ತಾತನಿಗೆ ಎರಡು ಹೆಸರು. ಪೋಸ್ಟಿನಲ್ಲಿ ಬರುವ ಕಾಗದಗಳ ಮೇಲಿರುವುದು ಅಮೆರಿಕನ್ ಹೆಸರು, ಬೀದಿಗೆ ನಾಲ್ಕು ಜನ ಇಟ್ಟುಕೊಂಡಿರುವಂಥದ್ದು. ಇನ್ನೊಂದು, ಅವರ ಸಲಿಕೆ, ಗುದ್ದಲಿ, ಪೊರಕೆಗಳ ಹಿಡಿಯ ಮೇಲೆ ಚಾಕುವಿನಿಂದ ಕೆತ್ತಿದ ಎರಡು ಜಪಾನೀ ಅಕ್ಷರಗಳು. ಬಹಳ ವರ್ಷ ನಾನು ಅದನ್ನು ಹೆಸರು ಎಂದುಕೊಂಡೇ ಇರಲಿಲ್ಲ. ಸಾಮಾನು ಮಾಡಿದ ಕಂಪನಿಯ ಗುರುತಿರಬೇಕು ಅಂತ ಬಿಟ್ಟಿದ್ದೆ.

ತಾತನಿಗೆ ಈಗ ತೊಂಬತ್ತರ ಹತ್ತಿರ. ಹುಟ್ಟಿದ್ದು ಇಲ್ಲೇ, ಅಮೆರಿಕದಲ್ಲಿ. ಅವರ ಅಪ್ಪ ಅಮ್ಮ ಜಪಾನಿನಿಂದ ಬಂದು, ಈಗ ಆಫೀಸುಗಳು ಎದ್ದಿರುವ ಜಾಗದಲ್ಲಿ ಸೇವಂತಿಗೆ ಬೆಳೆಯುತ್ತಿದ್ದರಂತೆ. ತಾತ ಜೀವಮಾನವಿಡೀ ಪಾಲೋ ಆಲ್ಟೋ, ಲಾಸ್ ಆಲ್ಟೋಸ್ ಕಡೆಯ ದೊಡ್ಡ ಮನೆಗಳ ತೋಟ ನೋಡಿಕೊಂಡವರು. ನಮ್ಮ ಪರಿಚಯವಾದದ್ದು ವಾಸನೆಯಿಂದ. ನಾವು ಲಾಸ್ ಆಲ್ಟೋಸಿನ ಈ ಮನೆಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬೇಲಿಯಾಚೆಯಿಂದ ಗಬ್ಬೆಂದು ವಾಸನೆ ಬಂತು. ಆಗ ಇನ್ನೂ ಇದ್ದ ನಮ್ಮೆಜಮಾನರು ಮೂಗು ಮುಚ್ಚಿಕೊಂಡು, ಸಿಟಿಗೆ ಕಂಪ್ಲೇಂಟು ಕೊಡೋಣ ಎಂದರು. ನಾನು ಬೇಲಿಯ ಹಲಗೆಗಳ ಸಂದಿಯಲ್ಲಿ ಇಣುಕಿದೆ. ಮೂಲೆಯಲ್ಲಿ ಎದೆಮಟ್ಟದ ಗುಡ್ಡೆ: ಎಲೆ, ಹುಲ್ಲು, ಕೋಳಿಗೊಬ್ಬರ, ತರಕಾರಿ ಸಿಪ್ಪೆ, ಮೇಲೆ ಸಣ್ಣಗೆ ಹಬೆ. ತಿಪ್ಪೆ! ಮಂಡ್ಯ ಕಡೆಯ ಹಳ್ಳಿಯಲ್ಲಿ ಹುಟ್ಟಿದ ನನಗೆ ಅದನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಕಂಪ್ಲೇಂಟು ಕೊಡುವ ಬದಲು ಬಕೆಟ್ಟು ಹಿಡಿದುಕೊಂಡು ಹೋಗಿ ಕರಿಬೇವಿನ ಕುಂಡಕ್ಕೆ ಗೊಬ್ಬರ ಕೇಳಿದೆ. ಅಂದಿನಿಂದ ತಾತ ನನಗೆ ಗೊಬ್ಬರ ಕೊಡುತ್ತಾರೆ, ನಾನು ಅವರಿಗೆ ಬಿಸಿಬೇಳೆಬಾತು ಕೊಡುತ್ತೇನೆ.

ಕಳೆದ ವರ್ಷ ವಸಂತದಲ್ಲಿ ಅವರ ಬಿದಿರಿನ ಪೊರಕೆ ಕಡ ತಂದಿದ್ದೆ. ವಾಪಸು ಕೊಡುವಾಗ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಇದೇನು ಬರೆದಿದೆ ಎಂದು ಕೇಳಿದೆ. ತಾತ ಮಾತಾಡುವುದು ಇಂಗ್ಲಿಷು; ನಾನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

“ನನ್ನ ಹೆಸರು. ಸುತೆಕಿಚಿ.”

“ಅರ್ಥ ಏನು?”

ಹೆಸರು ಕೇಳಿದ ಮೇಲೆ ಅರ್ಥ ಕೇಳದೆ ಇರುವುದು ನಮ್ಮವರಿಂದ ಆಗದ ಕೆಲಸ. ಇಪ್ಪತ್ತು ವರ್ಷ ಮನೆಯಲ್ಲೇ ಡೇಕೇರು ನಡೆಸಿದವಳು ನಾನು. ಮಗುವನ್ನು ಸೇರಿಸಲು ಬರುವ ನಮ್ಮ ಕಡೆಯ ಅಪ್ಪ ಅಮ್ಮಂದಿರು, ಅದಕ್ಕೆ ಕಡಲೆಕಾಯಿ ಆಗುವುದಿಲ್ಲ ಎಂದು ಹೇಳುವುದಕ್ಕೂ ಮೊದಲು ಹೆಸರಿನ ಅರ್ಥ ಹೇಳುತ್ತಿದ್ದರು. ಬೆಳಕು, ಗೆಲುವು, ಸೂರ್ಯನ ಮೊದಲ ಕಿರಣ. ಒಂದು ಮಗುವಿಗೂ ಬೆಳಕಿಗಿಂತ ಕಡಿಮೆ ಅರ್ಥವಿರಲಿಲ್ಲ.

ತಾತ ಮೊದಲನೇ ಅಕ್ಷರ ತೋರಿಸಿದರು. “ಇದು ಬಿಸಾಕು.” ಎರಡನೆಯದು ತೋರಿಸಿದರು. “ಇದು ಒಳ್ಳೆ ಅದೃಷ್ಟ. ಬಿಸಾಕಿದ ಮಗು, ಅದೃಷ್ಟವಂತ.” ಹೇಳಿ ನಕ್ಕರು. ನಾನು ನಗಲಿಲ್ಲ.

ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ. ಸಿಟ್ಟು ಬಂದರೆ ನಾನು ಪಾತ್ರೆ ತೊಳೆಯುತ್ತೇನೆ, ಪಾತ್ರೆಗಳಿಗೆ ಗೊತ್ತು. ಹೆತ್ತ ಮಗುವನ್ನು ಬಿಸಾಕಿ, ಅದು ಸಾಲದು ಎಂಬಂತೆ ಅದನ್ನೇ ಹೆಸರು ಮಾಡಿ ಹಣೆಗೆ ಹಚ್ಚಿದ ಆ ತಾಯಿಯಾದರೂ ಎಂಥವಳು? ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇವಳಿಗೆ ಮಗನೇ ಹೆಗ್ಗಣವಾದನೇ? ಸತ್ತು ಎಷ್ಟೋ ಕಾಲವಾಗಿರಬೇಕಾದ ಆ ಹೆಂಗಸನ್ನು ಸಿಂಕಿನ ಮುಂದೆ ನಿಂತು ಚೆನ್ನಾಗಿ ಬೈದೆ.

ಅಷ್ಟು ಸಿಟ್ಟು ಬರಲು ಕಾರಣವಿತ್ತು. ನನ್ನ ಒಬ್ಬಳೇ ಮಗಳು ಆಗ ಐದು ತಿಂಗಳ ಬಸುರಿ. ಕಾರಿನಲ್ಲಿ ಒಂದು ಗಂಟೆ ದೂರದ ಡ್ಯಾನ್‌ವಿಲ್‌ನಲ್ಲಿ ಮನೆ, ಅವಳು ಡಾಕ್ಟರು, ಅಳಿಯ ಎಂಜಿನಿಯರು. ಇದು ಅವಳ ಮೂರನೆಯದು. ಮೊದಲನೆಯದು ನಾಲ್ಕೂವರೆ ತಿಂಗಳಿಗೆ ಹೊಟ್ಟೆಯಲ್ಲೇ ಹೋಯಿತು. ಎರಡನೆಯದಕ್ಕೆ ಹುಟ್ಟುವ ಮೊದಲೇ ಹೆಸರಿಟ್ಟಿದ್ದರು. ಮರದ ಅಕ್ಷರಗಳನ್ನು ತರಿಸಿ ಕೋಣೆಯ ಗೋಡೆಗೆ ಅಂಟಿಸಿದ್ದರು. ಆ ಕೂಸು ಹನ್ನೊಂದು ದಿನ ಇತ್ತು. ಆಮೇಲೆ ಅಳಿಯ ಒಬ್ಬನೇ ಕೂತು ಆ ಅಕ್ಷರಗಳನ್ನು ಒಂದೊಂದಾಗಿ ಕಿತ್ತ. ಬಣ್ಣವೂ ಜೊತೆಗೆ ಎದ್ದು ಬಂದು, ಹೆಸರು ಹೋದರೂ ಹೆಸರಿನ ಗುರುತು ಗೋಡೆಯ ಮೇಲೆ ಉಳಿಯಿತು. ಈ ಮೂರನೆಯದಕ್ಕೆ ಮಗಳು ಸೀಮಂತ ಬೇಡವೆಂದಳು, ತೊಟ್ಟಿಲು ಬೇಡವೆಂದಳು.

“ಅತ್ತೆ, ಹೆಸರಿನ ಶಾರ್ಟ್‌ಲಿಸ್ಟು ರೆಡಿ ಇದೆ. ಅರ್ಥ, ನಕ್ಷತ್ರ ಎಲ್ಲಾ ಹಾಕಿದೀನಿ. ಅವ್ಳು ಓಪನ್ನೇ ಮಾಡ್ತಿಲ್ಲ,” ಎಂದು ಅಳಿಯ ಫೋನಿನಲ್ಲಿ ಪಿಸುಗುಟ್ಟಿದ.

ನಾನು ಬಾಯಿ ಹಾಕಿದೆ. ಮಗಳು ಒಂದೇ ಮಾತು ಹೇಳಿದಳು. “ಅಮ್ಮಾ, ಪ್ಲೀಸ್. ನೇಮ್ ಬಗ್ಗೆ ಮಾತಾಡ್ಬೇಡ.”

ಇಂಥ ಹೊತ್ತಿನಲ್ಲಿ ತಾತನ ಹೆಸರಿನ ಅರ್ಥ ಕೇಳಿದರೆ ಹೊಟ್ಟೆ ಉರಿಯದೆ ಇನ್ನೇನು? ನಾಲ್ಕು ದಿನ ತಡೆದುಕೊಂಡೆ. ಐದನೇ ದಿನ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ತಾತ ಗುಡ್ಡೆಯನ್ನು ಮಗುಚಿ ಹಾಕುತ್ತಿದ್ದರು. ನೇರವಾಗಿ ಕೇಳಿಬಿಟ್ಟೆ: “ನಿಮ್ಮನ್ನ ಎಲ್ಲಿ ಬಿಸಾಕಿದ್ರು? ಸಾಕಿದ್ದು ಯಾರು?”

ತಾತ ಸಲಿಕೆಯನ್ನು ನೆಲಕ್ಕೆ ಊರಿ ನನ್ನ ಮುಖ ನೋಡಿದರು. “ಸಾಕಿದ್ದು ನಮ್ಮಮ್ಮ. ಬಿಸಾಕಿದ್ದೂ ನಮ್ಮಮ್ಮ.”

ಅವರಿಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರಂತೆ. ಮೂರನೆಯವರಾಗಿ ಇವರು ಹುಟ್ಟಿದಾಗ ಅವರಮ್ಮ ತಮ್ಮ ಊರಿನ ಹಳೆಯ ಪದ್ಧತಿಯೊಂದನ್ನು ನೆನಪು ಮಾಡಿಕೊಂಡರು. ಮಗುವನ್ನು ಮೊರದಲ್ಲಿ ಮಲಗಿಸಿ, ಎರಡು ಹಾದಿ ಕೂಡುವ ಕಡೆ ಇಟ್ಟು ಬಂದುಬಿಡುವುದು. ಮೊದಲೇ ಹೇಳಿಟ್ಟ ನೆರೆಮನೆಯ ಹೆಂಗಸು ಏನೂ ಗೊತ್ತಿಲ್ಲದವಳಂತೆ ಆ ದಾರಿಯಲ್ಲಿ ಬರುವುದು, ಪೊರಕೆಯಿಂದ ಕಸ ಗುಡಿಸುವ ಹಾಗೆ ಗುಡಿಸಿ ಮಗುವನ್ನು ಎತ್ತಿಕೊಂಡು ತನ್ನ ಮನೆಗೆ ಹೋಗುವುದು. ಆಮೇಲೆ ಹೆತ್ತವಳು ಅವಳ ಬಾಗಿಲಿಗೆ ಹೋಗಿ, ನಿಮಗೊಂದು ಮಗು ಸಿಕ್ಕಿತಂತಲ್ಲ, ಯಾರಿಗೂ ಬೇಡವಾದರೆ ನಮಗೆ ಕೊಡಿ, ಸಾಕಿಕೊಳ್ಳುತ್ತೇವೆ ಎಂದು ಬೇಡಿ ತರುವುದು. ಹಾಗೆ ತಂದ ಮಗುವಿಗೆ ಇಂಥ ಹೆಸರು. ಮಕ್ಕಳನ್ನು ಒಯ್ಯಲು ಬರುವುದು ಯಾವುದೋ, ಅದು ಹೆಸರು ಕೇಳಿ, ಇದು ಬಿಸಾಕಿದ್ದು, ಇದನ್ನು ಒಯ್ದು ಏನು ಪ್ರಯೋಜನ ಎಂದು ಹೊರಟುಹೋಗಬೇಕು. ಎತ್ತಿಕೊಂಡವಳನ್ನು ಹಿರೋಯಿ-ಓಯ ಎನ್ನುತ್ತಾರಂತೆ, ಎತ್ತಿಕೊಂಡ ತಾಯಿ. ಬದುಕಿರುವವರೆಗೂ ಅವಳು ತಾಯಿಯೇ. ತಾತ ಹೊಸ ವರ್ಷದ ದಿನ ಮೊದಲು ಅವಳ ಮನೆಗೆ ಹೋಗಿ ತಲೆಬಾಗಿ ಬರುತ್ತಿದ್ದರು. ಯುದ್ಧದ ಕಾಲದಲ್ಲಿ ಇಲ್ಲಿನ ಜಪಾನಿನವರನ್ನೆಲ್ಲ ಮರುಭೂಮಿಯ ಕ್ಯಾಂಪಿಗೆ ಅಟ್ಟಿದಾಗಲೂ ಅಲ್ಲಿನ ಶೆಡ್ಡುಗಳ ಒಂದೇ ಸಾಲಿನಲ್ಲಿ ಅವರಿಗೆ ಇಬ್ಬರು ತಾಯಂದಿರಿದ್ದರು. ಕ್ಯಾಂಪಿನ ಸ್ಕೂಲಿನ ಟೀಚರಿಗೆ ಸುತೆಕಿಚಿ ಎನ್ನಲು ನಾಲಿಗೆ ಹೊರಳದೆ, ಆಕೆ ಇಟ್ಟದ್ದು ಆ ಪೋಸ್ಟಿನ ಹೆಸರು.

ನಾನು ಬೆಕ್ಕಸ ಬೆರಗಾಗಿ ನಿಂತೆ. ಅಲ್ಲೇ ಇದ್ದ ಕುಂಡವೊಂದನ್ನು ಬೋರಲು ಹಾಕಿ ಕೂತೆ.

ಯಾಕೆಂದರೆ ಅದು ನನ್ನ ಕಥೆ. ನನಗಿಂತ ಮೊದಲು ಇಬ್ಬರು ಹುಟ್ಟಿ ತಿಂಗಳೊಳಗೇ ಹೋಗಿದ್ದರು. ನಾನು ಹುಟ್ಟಿದಾಗ ನನ್ನನ್ನು ಮೊರದಲ್ಲಿ ಮಲಗಿಸಿ ಕೊಟ್ಟಿಗೆಯ ಹಿಂದಿನ ತಿಪ್ಪೆಯ ಮೇಲಿಟ್ಟರು. ಪಕ್ಕದ ಮನೆಯಾಕೆ ಬಂದು, “ಅಯ್ಯೋ, ಯಾರೋ ಪಾಪಿಗಳು ಕೂಸ ತಿಪ್ಪೆ ಮ್ಯಾಲೆ ಎಸ್ದು ಹೋಗವ್ರೆ ಕನವ್ವೋ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಎತ್ತಿಕೊಂಡಳು. ನಮ್ಮವ್ವ ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು. ಇಟ್ಟ ಹೆಸರು ತಿಪ್ಪಮ್ಮ. ನಮ್ಮ ಕಡೆ ತಿಪ್ಪಯ್ಯ, ತೌಡಮ್ಮ ಎಂದೆಲ್ಲ ಹೆಸರಿರುವವರನ್ನು ಕೇಳಿ ನೋಡಿ, ಅವರಿಗಿಂತ ಮುಂಚೆ ಹೋದವರ ಲೆಕ್ಕ ಸಿಗುತ್ತದೆ.

ಸ್ಕೂಲಿನಲ್ಲಿ ನನ್ನ ಹಾಜರಿ ಕೂಗಿದರೆ ಹುಡುಗರು ಮೂಗು ಹಿಡಿದುಕೊಳ್ಳುತ್ತಿದ್ದರು. ಹೈಸ್ಕೂಲಿಗೆ ಸೇರುವಾಗ ಅಪ್ಪನ ಮುಂದೆ ಎರಡು ದಿನ ಉಪವಾಸ ಕೂತು ಹೆಸರು ಬದಲಾಯಿಸಿಕೊಂಡೆ. ಈಗಿರುವ ಹೆಸರಿನ ಅರ್ಥ ಬೆಳಕು ಎಂದೇ ಇಟ್ಟುಕೊಳ್ಳಿ. ಲಗ್ನಪತ್ರಿಕೆಯಲ್ಲಿ, ಪಾಸ್‌ಪೋರ್ಟಿನಲ್ಲಿ ಅದೇ ಇದೆ. ಅವ್ವ ಮಾತ್ರ ಸಾಯುವವರೆಗೂ ತಿಪ್ಪಿ ಎಂದೇ ಕರೆದಳು. ಫೋನಿನಲ್ಲಿ ಹಾಗೆ ಕರೆದಾಗ ನಾನು ಸ್ಪೀಕರ್ ಆರಿಸಿ ಬೇರೆ ಕೋಣೆಗೆ ಹೋಗುತ್ತಿದ್ದೆ. ಮಗಳಿಗೆ ಆ ಹೆಸರು ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡಿದ್ದೆ.

ಮೊರ, ತಿಪ್ಪೆ ಎಲ್ಲ ನಮ್ಮ ಹಳ್ಳಿಯ ಮೌಢ್ಯ, ನಮ್ಮದೊಂದೇ ಎಂದು ನಾಚಿಕೆಪಡುತ್ತಿದ್ದೆ. ಆ ನಾಚಿಕೆಯಲ್ಲೂ ಒಂದು ಜಂಭವಿತ್ತು ಎಂದು ಈಗ ಅನ್ನಿಸುತ್ತದೆ. ಎಲ್ಲಿಯ ಮಂಡ್ಯ, ಎಲ್ಲಿಯ ಜಪಾನು? ಒಬ್ಬರನ್ನೊಬ್ಬರು ಕಂಡು ಕೇಳಿಲ್ಲದ ಹೆಂಗಸರು ಅಲ್ಲಿಯೂ ಇಲ್ಲಿಯೂ ಮಗುವನ್ನು ಅದೇ ಮೊರದಲ್ಲಿ ಮಲಗಿಸಿ, ಅದೇ ಸುಳ್ಳು ಹೇಳಿ, ಸಾವಿಗೇ ಟೋಪಿ ಹಾಕಲು ಹೊರಟಿದ್ದರು. ಯಾರು ಯಾರಿಗೆ ಹೇಳಿಕೊಟ್ಟರು? ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಎರಡು ಕೂಸನ್ನು ಮಣ್ಣು ಮಾಡಿದವಳಿಗೆ ಅದು ತಾನಾಗಿಯೇ ಹೊಳೆಯುತ್ತದೆಯೇನೋ.

ತಾತನಿಗೆ ನನ್ನ ಹೆಸರು ಹೇಳಿದೆ. ನಲವತ್ತು ವರ್ಷದ ಮೇಲೆ ನನ್ನ ಬಾಯಿಂದಲೇ ಅದನ್ನು ಕೇಳಿದ್ದು. ಅರ್ಥ ಹೇಳಿದಾಗ ಅವರು ನಗಲಿಲ್ಲ, ಸಣ್ಣಗೆ ತಲೆಬಾಗಿಸಿದರು. ಆಮೇಲೆ ಹೇಳಿದರು: “ನಮ್ಮಮ್ಮ ಒಂದು ವಿಷಯ ಮಾತ್ರ ಹೇಳಿದ್ದು ನನಗೆ ನಲವತ್ತು ವರ್ಷ ಆದ್ಮೇಲೆ. ನನ್ನ ಇಟ್ಟು ಬಂದು ಪಂಪಿನ ಶೆಡ್ಡಿನ ಹಿಂದೆ ನಿಂತಿದ್ದರಂತೆ. ನಾನು ಅಳೋದು ಕೇಳಿಸ್ತಿತ್ತಂತೆ. ಹೋಗೋ ಹಾಗಿಲ್ಲ. ಆ ಹೆಂಗಸು ಬರೋದು ಸ್ವಲ್ಪ ತಡ ಆಯ್ತಂತೆ. ಅದೊಂದನ್ನ ಮಾತ್ರ ಅವರು ಕೊನೇವರೆಗೂ ಮರೀಲಿಲ್ಲ.”

ನಮ್ಮವ್ವ ಎಲ್ಲಿ ನಿಂತಿದ್ದಳು? ನಾನು ಒಂದು ದಿನವೂ ಕೇಳಿರಲಿಲ್ಲ. ಹೆಸರಿಗಾಗಿ ಅವಳ ಜೊತೆ ಜಗಳವಾಡಿದ್ದೆ, ಮಾತು ಬಿಟ್ಟಿದ್ದೆ. ಬಾಣಂತಿ ಮೈಯಲ್ಲಿ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು ಅವಳು ನನ್ನ ಅಳು ಕೇಳಿಸಿಕೊಂಡಿದ್ದಾಳು ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಅವಳನ್ನು ಕೇಳಲು ಈಗ ಅವಳೇ ಇಲ್ಲ. ಅದನ್ನು ಯೋಚಿಸಿ ಆ ಸಂಜೆ ಚೆನ್ನಾಗಿ ಅತ್ತೆ.

ಮೊಮ್ಮಗಳು ಏಳು ವಾರ ಮೊದಲೇ ಹುಟ್ಟಿದಳು. ಒಂದು ತಿಂಗಳ ಮೇಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಬೇಬಿ ಗರ್ಲ್ ಎಂದಷ್ಟೇ ಇತ್ತು. ಮಗಳು ದಿನವೂ ಹೋಗುತ್ತಿದ್ದಳು. ಹೋಗಿ ಮಗುವನ್ನು ನೋಡುತ್ತಿರಲಿಲ್ಲ, ಮೇಲಿನ ಪರದೆಯಲ್ಲಿ ಓಡುವ ಅಂಕಿಗಳನ್ನು ನೋಡುತ್ತಿದ್ದಳು. ಮನೆಗೆ ಕರೆತಂದ ಮೇಲೂ ಅದೇ. ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಎಷ್ಟು ಹೊತ್ತಿಗೆ ಎಷ್ಟು ಹಾಲು ಎಂದು ಬರೆದಿಡುತ್ತಿದ್ದಳು, ನಿದ್ದೆಯಲ್ಲೂ ಉಸಿರು ನೋಡುತ್ತಿದ್ದಳು. ಆದರೆ “ಬೇಬಿ ಎದ್ದಿದೆ”, “ಬೇಬಿಗೆ ಟೈಮಾಯ್ತು” ಎನ್ನುತ್ತಿದ್ದಳೇ ಹೊರತು ನನ್ನ ಮಗು ಎಂಬ ಮಾತು ಒಮ್ಮೆಯೂ ಬರಲಿಲ್ಲ. ಹೆಸರಿಲ್ಲದೆ ಎರಡು ತಿಂಗಳಾಯಿತು. ನನಗೆ ಮಗುವಿಗಿಂತ ಮಗಳ ಚಿಂತೆ ಹತ್ತಿತು. ನನ್ನದು ಎಂದುಕೊಂಡ ತಕ್ಷಣ ಕಿತ್ತುಕೊಳ್ಳುತ್ತಾರೆ ಎಂದು ಕಾಯುವವಳಂತೆ ಅವಳು ಮಗುವನ್ನು ಹಿಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಬಾಟಲಿಗಳನ್ನು ಕುದಿಸುತ್ತಿದ್ದಾಗ ಹೇಳಿಬಿಟ್ಟೆ. “ನನ್ ಹೆಸ್ರು ಇದಲ್ಲ ಕಣೆ. ನನ್ ಹೆಸ್ರು ತಿಪ್ಪಮ್ಮ.”

“ವಾಟ್?”

ಎಲ್ಲವನ್ನೂ ಹೇಳಿದೆ. ತಾತನದು, ನನ್ನದು. ಅವಳು ಮೊದಲು ಡಾಕ್ಟರಾದಳು. “ನಿನ್ನನ್ನ ಲಿಟರಲಿ ಗೊಬ್ಬರದ ಮೇಲೆ ಇಟ್ರಾ? ಟೆಟನಸ್, ಅಮ್ಮಾ! ಇನ್ಫೆಕ್ಷನ್ನಿಗೇ ಸಾಯ್ತಿದ್ದೆ ನೀನು.”

“ಸಾಯ್ಲಿಲ್ವಲ್ಲ. ಇಲ್ಲೇ ನಿಂತ್ಕೊಂಡು ನಿನ್ ಬೈಗುಳ ಕೇಳ್ತಿದೀನಿ.”

ಅವಳು ಬಾಟಲಿಗಳನ್ನು ತೆಗೆದು ಬಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ಆಮೇಲೆ ಕೇಳಿದಳು, “ಅಜ್ಜಿ ಎಲ್ಲಿ ನಿಂತಿದ್ರು ಆವಾಗ?”

ತಾತ ಹೇಳುವವರೆಗೆ, ಅರವತ್ತು ವರ್ಷ ನನಗೆ ಹೊಳೆಯದ ಪ್ರಶ್ನೆ ಇವಳಿಗೆ ಐದು ನಿಮಿಷದಲ್ಲಿ ಹೊಳೆಯಿತು. ಗೊತ್ತಿಲ್ಲ ಎಂದೆ. ತಾತನ ಅಮ್ಮ ಪಂಪಿನ ಶೆಡ್ಡಿನ ಹಿಂದೆ ನಿಂತದ್ದನ್ನು ಹೇಳಿದೆ. ಎರಡು ದಿನ ಬಿಟ್ಟು ಅವಳ ಫೋನು ಬಂತು.

“ಅಮ್ಮಾ, ಸ್ಯಾಟರ್ಡೇ ತಾತ ಫ್ರೀ ಇರ್ತಾರಾ?”

ತಾತ ಫ್ರೀ ಇರುವುದೇನು, ಶನಿವಾರಕ್ಕೆಂದು ಕ್ಷೌರ ಮಾಡಿಸಿಕೊಂಡಿದ್ದರು. ಕೋಟು ಹಾಕಿದ್ದರು. ಗುಡ್ಡೆಯ ಒಂದು ಪಕ್ಕವನ್ನು ತಟ್ಟಿ ಸಮ ಮಾಡಿ ಹೊಸ ಹುಲ್ಲು ಹಾಸಿದ್ದರು. ಅದರ ಮೇಲೆ ಅಳಿಯ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಮೇಲೆ ಮಗಳು ಆಸ್ಪತ್ರೆಯಿಂದ ತಂದ ಹಾಳೆ, ಹಾಳೆಯ ಮೇಲೆ ಎರಡು ಕಂಬಳಿ ಹಾಸಿದರು. ಇಷ್ಟೆಲ್ಲ ಹಾಸಿದ ಮೇಲೆ ಅದು ತಿಪ್ಪೆಯೋ ತಾಜ್ ಹೋಟೆಲ್ಲೋ ಎಂದು ನಾನು ಗೊಣಗಿದೆ. ಅಕ್ಕಿ ತೌಡಿಗೆ ಬದಲು ಗ್ರೋಸರಿಯಿಂದ ಓಟ್ಸಿನ ತೌಡಿನ ಪ್ಯಾಕೆಟ್ಟು ತಂದಿದ್ದೆ. ಮೊರವನ್ನೂ ತಂದಿದ್ದೆ, ಇಂಡಿಯನ್ ಅಂಗಡಿಯ ಹಸಿರು ಪ್ಲಾಸ್ಟಿಕ್ ಮೊರ.

ತಾತ ಅದನ್ನು ತಿರುಗಿಸಿ ನೋಡಿ, ಶೆಡ್ಡಿಗೆ ಹೋಗಿ ತಮ್ಮದೊಂದನ್ನು ತಂದರು. ಅವರ ಅಮ್ಮ ಬೀಜ ಕೇರುತ್ತಿದ್ದದ್ದಂತೆ. ಹಳೆಯ ಬಿದಿರು, ಮೂರು ಕಡೆ ಅಂಚು, ಮುಂದೆ ತೆರೆದ ಬಾಯಿ, ಅಂಚಿಗೆ ಸುತ್ತಿದ ಬಳ್ಳಿ. ನಮ್ಮ ಅಡುಗೆಮನೆಯ ಗೋಡೆಗೆ ಒರಗಿಸಿಡುತ್ತಿದ್ದ ಮೊರವೇ. ನಾನು ಕೈಗೆ ತೆಗೆದುಕೊಂಡು ಎರಡು ಸಲ ಗಾಳಿಯಲ್ಲಿ ಕೇರಿದೆ. ಕೈ ತಾನಾಗಿಯೇ ಆಡಿತು. ಕಣ್ಣಲ್ಲಿ ನೀರು ಬಂದಿತ್ತು. ತಾತ ನನ್ನ ಕೈಗಳನ್ನೇ ನೋಡುತ್ತಿದ್ದರು.

ಮಗಳಿಗೆ ಎಲ್ಲವನ್ನೂ ಎರಡು ಸಲ ಹೇಳಿಕೊಟ್ಟಿದ್ದೆ. ಮಗುವನ್ನು ಇಡು. ಹಿಂದಿರುಗಿ ನೋಡದೆ ನಮ್ಮ ಕಡೆಯ ಅಂಗಳಕ್ಕೆ ಬಾ. ತಾತ ಎತ್ತಿಕೊಂಡು ಒಳಗೆ ಹೋದ ಮೇಲೆ ಅವರ ಮುಂಬಾಗಿಲಿಗೆ ಹೋಗಿ ಬೆಲ್ಲು ಮಾಡು. ನಿಮಗೆ ಮಗು ಸಿಕ್ಕಿತಂತೆ, ಈ ತೌಡು ತಗೊಂಡು ನನಗೆ ಕೊಡಿ ಅನ್ನು. ಏನೇ ಆದರೂ ನಿನ್ನದು ಅನ್ನಬೇಡ. ಅಷ್ಟೇ ಇದರ ಗುಟ್ಟು.

ಮಗಳು ಮಗುವನ್ನು ಮೊರದಲ್ಲಿ ಮಲಗಿಸಿ, ಮೊರವನ್ನು ಕಂಬಳಿಯ ಮೇಲಿಟ್ಟು, ತಿರುಗಿ ನಡೆದು ಬಂದಳು. ಬೇಲಿಯ ಈಚೆ ಬಂದು ನನ್ನ ಪಕ್ಕ ನಿಂತಳು. ತಾತ ಮನೆಯ ಮೂಲೆಯಿಂದ, ದಾರಿಯಲ್ಲಿ ಹೋಗುವವರಂತೆ, ಪೊರಕೆ ಹಿಡಿದು ಬಂದರು. ಮೊರದ ಸುತ್ತ ಮೂರು ಸಲ ಗುಡಿಸಿದರು. ಗಾಳಿ ಬಡಿದು ಮಗುವಿಗೆ ಎಚ್ಚರವಾಯಿತು. ತಾತ ಬಗ್ಗಿದರು. ತೊಂಬತ್ತರ ಮೊಣಕಾಲು, ಅಳಿಯ ಒಂದು ಹೆಜ್ಜೆ ಮುಂದಿಟ್ಟ, ನಾನು ಅವನ ಅಂಗಿ ಹಿಡಿದೆ. ತಾತ ಮೊರವನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತರು, ನಿಧಾನವಾಗಿ ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಹೋದರು. ಜಾಲರಿ ಬಾಗಿಲು ಮುಚ್ಚಿಕೊಂಡಿತು.

ಒಳಗೆ ಮಗು ಅಳಲು ಶುರು ಮಾಡಿತು. ಗಾಜಿನ ಪೆಟ್ಟಿಗೆಯಲ್ಲಿ ಅಷ್ಟು ದಿನ ಇದ್ದ ಮಗುವಿನ ಗಂಟಲಲ್ಲಿ ಇಷ್ಟು ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮಗಳು ಬೇಲಿಯ ಹಲಗೆಯನ್ನು ಹಿಡಿದುಕೊಂಡಳು. ಅವಳ ಉಗುರುಗಳು ಬೆಳ್ಳಗಾಗಿದ್ದವು. “ಇನ್ನೂ ಸ್ವಲ್ಪ,” ಎಂದೆ. ಅಳು ಏರಿತು.

ಮಗಳು ಮುಂಬಾಗಿಲ ಕಡೆ ಹೋಗಲಿಲ್ಲ. ಬೇಲಿಯ ಗೇಟನ್ನು ತಳ್ಳಿಕೊಂಡು, ತೌಡಿನ ಪ್ಯಾಕೆಟ್ಟನ್ನು ಅಲ್ಲೇ ಬೀಳಿಸಿ, ಗೊಬ್ಬರದ ಗುಡ್ಡೆಯನ್ನು ತುಳಿದುಕೊಂಡೇ ಹಿಂಬಾಗಿಲಿಗೆ ಓಡಿ ಜಾಲರಿಯನ್ನು ಎಳೆದಳು. ನಾನೂ ಹಿಂದೆಯೇ ಓಡಿದೆ. ತಾತ ಮೊರವನ್ನು ಊಟದ ಮೇಜಿನ ಮೇಲಿಟ್ಟು ಮಗುವನ್ನು ತೋಳಿಗೆ ತೆಗೆದುಕೊಂಡಿದ್ದರು. ಕೇಳಬೇಕಾದದ್ದನ್ನು ಶಾಸ್ತ್ರವಾಗಿ ಕೇಳಿದರು: “ನನಗೊಂದು ಮಗು ಸಿಕ್ಕಿದೆ. ಯಾರದೋ ಗೊತ್ತಿಲ್ಲ. ನಿಮಗೆ ಬೇಕಾ?”

“ಅದು ನನ್ನ ಮಗು,” ಎಂದಳು ಮಗಳು. ಇಂಗ್ಲಿಷಿನಲ್ಲಿ, ಬೀದಿಗೆ ಕೇಳುವಷ್ಟು ಜೋರಾಗಿ. “ನಾನೇ ಅಲ್ಲಿ ಇಟ್ಟಿದ್ದು. ನನ್ನದು. ಕೊಡಿ.”

ತಾತ ನನ್ನ ಕಡೆ ನೋಡಿದರು. ಇಂಥ ಮಾತಿಗೆ ಏನು ಹೇಳಬೇಕೆಂದು ಅವರ ಪದ್ಧತಿಯಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ. ಯಾವುದಕ್ಕೆ ಕೇಳಿಸಬಾರದೋ ಅದಕ್ಕೆ ಕೇಳುವಂತೆ ಹೇಳಿಬಿಟ್ಟಳಲ್ಲ ಎಂದು ಮೂಢಳ ಹಾಗೆ ಹೆದರಿದೆ. ಹೆದರಿಕೆಯ ನಡುವೆಯೇ ಅವಳನ್ನು ನೋಡಿದೆ: ಮೊಣಕಾಲವರೆಗೆ ಗೊಬ್ಬರ, ಎರಡೂ ಕೈ ಮುಂದೆ.

“ಕೊಟ್ಬಿಡಿ ತಾತ,” ಎಂದೆ. “ಅವಳ ಮಗು.”